ಏರಿ, ಕೋಡಿ, ತೂಬು: ಹಳೆಯ ಖಾಸಗಿ ಕಿರು ಅಣೆಕಟ್ಟನ್ನು ಕಾಯುವ ಕ್ರಮ

ಜಮೀನು ಕೊಂಡಾಗಲೋ ಪಾಲಿಗೆ ಬಂದಾಗಲೋ ಅದರ ಜೊತೆಗೆ ಒಂದು ಹಳೆಯ ಕಿರು ಅಣೆಕಟ್ಟೂ ಕೈಸೇರುವುದುಂಟು. ನೀರಾವರಿಗೋ ಗಿರಣಿಗೋ ಮೀನು ಸಾಕಲೋ ಎರಡು ಮೂರು ತಲೆಮಾರಿನ ಹಿಂದೆ ಯಾರೋ ಕಟ್ಟಿಸಿದ್ದು. ಕಟ್ಟಿಸಿದವರು ಇಲ್ಲ, ನಕ್ಷೆ ಇಲ್ಲ, ಏರಿಯೊಳಗಿನ ಕೊಳವೆಯಿಂದ ನೀರು ಬಿಡುವ ತೂಬಿನ ಗೇಟು ತಿರುಗಿಸಿ ಎಷ್ಟು ವರ್ಷವಾಯಿತೆಂದು ಹೇಳುವವರೂ ಇಲ್ಲ. ನೀರು ಮಾತ್ರ ತುಂಬಿ ನಿಂತಿದೆ. “ಇಷ್ಟು ವರ್ಷ ಏನೂ ಆಗಿಲ್ಲ” ಎಂಬ ಮಾತನ್ನು ಇಂಥ ಏರಿಗಳ ಮೇಲೆ ನಿಂತು ಹಲವು ಬಾರಿ ಕೇಳಿದ್ದೇನೆ. ಮಣ್ಣಿನ ಏರಿಗೆ ವಯಸ್ಸಾಗುವುದು ಒಳಗಿನಿಂದ. ಕೊಳವೆ ತುಕ್ಕು ಹಿಡಿಯುವುದು, ಬೇರು ಕೊಳೆಯುವುದು, ಮಣ್ಣಿನ ಕಣ ಒಂದೊಂದಾಗಿ ಕೊಚ್ಚಿಹೋಗುವುದು ಮೇಲೆ ನಿಂತವರ ಕಣ್ಣಿಗೆ ಬೀಳುವುದಿಲ್ಲ.

“ಕಿರು” ಎಂಬ ಪದವನ್ನೂ ನಂಬಿ ಕೂರಬೇಡಿ. ಒಂದು ಹೆಕ್ಟೇರ್ ಹರವು, ಸರಾಸರಿ ಒಂದೂವರೆ ಮೀಟರ್ ಆಳ ಇದ್ದರೆ ನಿಂತಿರುವ ನೀರು 15,000 ಘನ ಮೀಟರ್; ತೂಕದಲ್ಲಿ 15,000 ಟನ್. ಅಮೆರಿಕದ ಜಾರ್ಜಿಯಾ ರಾಜ್ಯದ ಟೊಕೋವಾದಲ್ಲಿ 1977ರ ನವೆಂಬರ್ 6ರ ನಸುಕಿನಲ್ಲಿ ಒಡೆದ ಕೆಲ್ಲಿ ಬಾರ್ನ್ಸ್ ಅಣೆಕಟ್ಟು ಸುಮಾರು 12 ಮೀಟರ್ ಎತ್ತರದ್ದು, ಖಾಸಗಿ ಒಡೆತನದ್ದು. ಸತ್ತವರು 39 ಜನ. ಹವಾಯಿಯ ಕಾ ಲೋಕೋ ಅಣೆಕಟ್ಟು 2006ರ ಮಾರ್ಚ್‌ನಲ್ಲಿ ಒಡೆದು ಏಳು ಜನರನ್ನು ಕೊಚ್ಚಿಕೊಂಡು ಹೋಯಿತು. ಕೀನ್ಯಾದ ಸೊಲೈಯಲ್ಲಿ 2018ರ ಮೇ ತಿಂಗಳ ಒಂದು ರಾತ್ರಿ ತೋಟವೊಂದರ ಖಾಸಗಿ ಕಟ್ಟೆ ಒಡೆದಾಗ 40ಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದ ರಾಷ್ಟ್ರೀಯ ಪಟ್ಟಿಯಲ್ಲಿರುವ 90,000ಕ್ಕೂ ಹೆಚ್ಚು ಅಣೆಕಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿಯವರ ಕೈಯಲ್ಲೇ ಇವೆ.

ನೀರು ನಿಂತಿರುವಷ್ಟು ಕಾಲ ನಿಮ್ಮದು. ಏರಿ ಒಡೆದ ಗಳಿಗೆಯಿಂದ ಅದು ಕೆಳಗಿನವರ ಮನೆಯೊಳಗೆ ಇರುತ್ತದೆ. ಹಾಗಾಗಿ ಒಡೆತನ ಎಂದರೆ ಇಲ್ಲಿ ಮೊದಲು ಕಾವಲು. ಆ ಕಾವಲಿನ ಕೆಲಸವನ್ನು ಹಂತ ಹಂತವಾಗಿ ಹೇಳುತ್ತೇನೆ.

1. ಕೆಳಗೆ ಯಾರಿದ್ದಾರೆ ನೋಡಿ

ಏರಿಯನ್ನು ನೋಡುವ ಮೊದಲು ಹಳ್ಳದ ದಾರಿ ಹಿಡಿದು ಕೆಳಕ್ಕೆ ನಡೆಯಿರಿ. ಮನೆ, ಶಾಲೆ, ಸೇತುವೆ, ರಸ್ತೆ ಹಳ್ಳ ದಾಟುವ ತಗ್ಗು, ಕೆಲಸಗಾರರ ಬಿಡಾರ, ಎಲ್ಲವನ್ನೂ ಒಂದು ಹಾಳೆಯ ಮೇಲೆ ಗುರುತು ಮಾಡಿ. ಕೆಳಗೆ ಇನ್ನೊಂದು ಅಣೆಕಟ್ಟು ಇದೆಯೇ ಎಂಬುದನ್ನು ತಪ್ಪದೆ ನೋಡಿ. ವೇಲ್ಸ್‌ನ ಡಾಲ್ಗರಾಗ್‌ನಲ್ಲಿ 1925ರ ನವೆಂಬರ್‌ನಲ್ಲಿ ಮೇಲಿನ ಅಣೆಕಟ್ಟು ಒಡೆದು ಬಂದ ನೀರು ಕೆಳಗಿನದನ್ನೂ ಒಡೆಯಿತು. 16 ಜನ ಸತ್ತರು. ಬ್ರಿಟನ್ನಿನ ಜಲಾಶಯ ಸುರಕ್ಷತಾ ಕಾನೂನು 1930ರಲ್ಲಿ ಬಂದದ್ದು ಇದರ ಬೆನ್ನಲ್ಲೇ.

ಅಣೆಕಟ್ಟುಗಳನ್ನು ಹೆಚ್ಚು ಅಪಾಯ, ಕಡಿಮೆ ಅಪಾಯ ಎಂದು ವರ್ಗ ಮಾಡುವುದು ಒಡೆದರೆ ಕೆಳಗೆ ಏನಾಗುತ್ತದೆ ಎಂಬುದರ ಮೇಲೆ. ಏರಿ ಗಟ್ಟಿಯಾಗಿದೆಯೋ ಇಲ್ಲವೋ ಎಂಬುದು ಬೇರೆಯೇ ಲೆಕ್ಕ. ನೀವು ಒಂದು ಹಿಡಿ ಮಣ್ಣನ್ನೂ ಅಲುಗಿಸದಿದ್ದರೂ ಕೆಳಗೆ ನಾಲ್ಕು ಹೊಸ ಮನೆ ಎದ್ದರೆ ನಿಮ್ಮ ಅಣೆಕಟ್ಟಿನ ವರ್ಗ ಬದಲಾಗುತ್ತದೆ. ಈ ನಡಿಗೆಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿ.

2. ಕಾಗದಪತ್ರ ಮತ್ತು ಕಾನೂನು

ಎತ್ತರ, ಉದ್ದ, ತುಂಬಿದಾಗ ನಿಲ್ಲುವ ನೀರು, ಕಟ್ಟಿದ ವರ್ಷ, ಕೊಳವೆ ಯಾವ ವಸ್ತುವಿನದ್ದು ಎಂಬ ಐದು ವಿಷಯ ಬರೆದಿಡಿ. ಗೊತ್ತಿಲ್ಲದಿದ್ದರೆ ಅಳತೆ ಮಾಡಿಸಿ. ಹಳೆಯ ನಕ್ಷೆ, ದುರಸ್ತಿಯ ರಸೀದಿ, ಹಿಂದಿನ ಮಾಲೀಕರ ಹಳೆಯ ಛಾಯಾಚಿತ್ರ ಯಾವುದೂ ಬೇಡದ ಕಾಗದವಲ್ಲ. ಟೊಕೋವಾ ಅಣೆಕಟ್ಟಿನ ಹೊರಮೈ ಜಾರಿದ್ದು 1973ರ ಒಂದು ಛಾಯಾಚಿತ್ರದಲ್ಲೇ ಇತ್ತು, ಒಡೆಯುವುದಕ್ಕೆ ನಾಲ್ಕು ವರ್ಷ ಮೊದಲು.

ಎಷ್ಟು ದೊಡ್ಡ ಕಟ್ಟೆಗೆ ಕಾನೂನು ಅನ್ವಯಿಸುತ್ತದೆ ಎಂಬ ಮಿತಿ ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ 25,000 ಘನ ಮೀಟರ್ ನೀರು, ವೇಲ್ಸ್‌ನಲ್ಲಿ 2016ರಿಂದ 10,000. ಭಾರತದ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವನ್ನೂ, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರ್‌ನವನ್ನೂ ಒಳಗೊಳ್ಳುತ್ತದೆ. ಒಡೆತನ ಖಾಸಗಿಯದಾದರೂ ಅನ್ವಯಿಸುತ್ತದೆ. ಬಹುಪಾಲು ಕಿರು ಕಟ್ಟೆಗಳು ಇಂಥ ಮಿತಿಗಳ ಕೆಳಗೇ ಉಳಿಯುತ್ತವೆ. ಮಿತಿಯ ಕೆಳಗಿದ್ದೀರಿ ಎಂದರೆ ತಪಾಸಣೆಗೆ ಯಾರೂ ಬರುವುದಿಲ್ಲ, ಅಷ್ಟೇ. ಕಾವಲಿನ ಭಾರವೆಲ್ಲ ನಿಮ್ಮ ಮೇಲೇ ಬೀಳುತ್ತದೆ. ಮಿತಿಯ ಮೇಲಿದ್ದರೆ ನೋಂದಣಿ ಮಾಡಿಸಿ, ತಪಾಸಣಾ ವರದಿ ಬಂದಾಗ ಅದರಲ್ಲಿ ಹೇಳಿದ ಕೆಲಸಕ್ಕೆ ದಿನಾಂಕ ಹಾಕಿಕೊಳ್ಳಿ. ಮಿಶಿಗನ್‌ನ ಈಡನ್‌ವಿಲ್ ಅಣೆಕಟ್ಟಿನ ಕಥೆ ಇಲ್ಲಿ ನೆನಪಿರಲಿ. ದೊಡ್ಡ ಪ್ರವಾಹ ದಾಟಿಸುವಷ್ಟು ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿ, ಇಲ್ಲವೆಂದು ನಿಯಂತ್ರಕರು ಖಾಸಗಿ ಮಾಲೀಕರಿಗೆ ವರ್ಷಗಟ್ಟಲೆ ಹೇಳಿದರು. 2018ರಲ್ಲಿ ವಿದ್ಯುತ್ ಉತ್ಪಾದನೆಯ ಪರವಾನಗಿಯನ್ನೇ ರದ್ದು ಮಾಡಿದರು. ಮೇಲ್ವಿಚಾರಣೆ ಕೇಂದ್ರದಿಂದ ರಾಜ್ಯಕ್ಕೆ ಹೋಯಿತು, ಕೋಡಿ ಮಾತ್ರ ಇದ್ದಂತೆಯೇ ಇತ್ತು. 2020ರ ಮೇ 19ರಂದು ಏರಿ ಒಡೆಯಿತು, ಕೆಳಗಿನ ಸ್ಯಾನ್‌ಫರ್ಡ್ ಅಣೆಕಟ್ಟೂ ಹೋಯಿತು. ಸುಮಾರು 10,000 ಜನರನ್ನು ಮುಂಚಿತವಾಗಿ ಹೊರಡಿಸಿದ್ದರಿಂದ ಯಾರೂ ಸಾಯಲಿಲ್ಲ. ಕಚೇರಿಗಳ ನಡುವೆ ಕಡತ ಓಡಾಡಿದರೆ ಏರಿ ಗಟ್ಟಿಯಾಗುವುದಿಲ್ಲ.

3. ಏರಿಯ ಮೇಲಲ್ಲ, ಬುಡದಲ್ಲಿ ನಡೆಯಿರಿ

ಮಾಲೀಕರಲ್ಲಿ ಹೆಚ್ಚಿನವರು ಏರಿಯ ನೆತ್ತಿಯ ಮೇಲೆ ಒಮ್ಮೆ ಓಡಾಡಿ, ನೀರು ನೋಡಿ ಮನೆಗೆ ಹೋಗುತ್ತಾರೆ. ಏರಿ ತನ್ನ ಕಾಯಿಲೆಯನ್ನು ಹೇಳಿಕೊಳ್ಳುವುದು ಹೊರಬದಿಯ ಬುಡದಲ್ಲಿ. ಅಲ್ಲಿ ನಡೆಯಲು ಆಗಬೇಕಾದರೆ ಹುಲ್ಲು ಗಿಡ್ಡವಾಗಿರಬೇಕು. ಪೊದೆ ಬೆಳೆದು ನೆಲವೇ ಕಾಣದ ಏರಿಯನ್ನು ಯಾವ ಎಂಜಿನಿಯರ್ ಬಂದರೂ ತಪಾಸಣೆ ಮಾಡಲಾರರು. ಪೊದೆ ಸವರುವುದೇ ಮೊದಲ ದುರಸ್ತಿ.

ತಿಂಗಳಿಗೊಮ್ಮೆ, ಪ್ರತಿ ದೊಡ್ಡ ಮಳೆಯ ಸಮಯದಲ್ಲಿ ಮತ್ತು ಮಳೆ ನಿಂತ ಮೇಲೆ ನಡೆಯಿರಿ. ಮೊದಲು ನೆತ್ತಿ: ಒಂದು ತುದಿಯಲ್ಲಿ ಕುಳಿತು, ಕಣ್ಣನ್ನು ನೆತ್ತಿಯ ಮಟ್ಟಕ್ಕೆ ತಂದು, ಇನ್ನೊಂದು ತುದಿಯವರೆಗೆ ದಿಟ್ಟಿಸಿ. ನೇರ ಇರಬೇಕಾದ ಗೆರೆ ಎಲ್ಲಾದರೂ ತಗ್ಗಿದ್ದರೆ, ಬಾಗಿದ್ದರೆ ಹೀಗೆ ನೋಡಿದಾಗ ಎದ್ದು ಕಾಣುತ್ತದೆ. ತಗ್ಗು ಇದ್ದಲ್ಲಿ ಪ್ರವಾಹ ಮೊದಲು ಹತ್ತಿ ಹರಿಯುತ್ತದೆ. ಬಿರುಕು ಕಂಡರೆ ಅದರ ದಿಕ್ಕು ಗಮನಿಸಿ. ಏರಿಯ ಉದ್ದಕ್ಕೆ ಬಿಲ್ಲಿನಂತೆ ಬಾಗಿದ ಬಿರುಕು ಬಿದ್ದು, ಕೆಳಗಡೆ ಮಣ್ಣು ಉಬ್ಬಿದ್ದರೆ ಇಳಿಜಾರು ಜಾರುತ್ತಿದೆ. ಏರಿಗೆ ಅಡ್ಡಲಾಗಿ, ನೀರಿನ ಬದಿಯಿಂದ ಹೊರಬದಿಗೆ ಹೋದ ಬಿರುಕು ನೀರಿಗೆ ದಾರಿ ತೋರಿಸುತ್ತದೆ. ಬಿರುಕಿನ ಎರಡೂ ಕೊನೆಗೆ ಗೂಟ ಹೊಡೆದು ದಿನಾಂಕ ಬರೆಯಿರಿ. ಮುಂದಿನ ಸಲ ಅದು ಗೂಟ ದಾಟಿದೆಯೇ ಎಂಬುದು ಮುಖ್ಯ. ಒಳಮೈಯಲ್ಲಿ ಅಲೆ ಹೊಡೆದು ಕಲ್ಲುಕಟ್ಟಣೆ ಕುಸಿದಿದೆಯೇ, ಗುಳಿ ಬಿದ್ದಿದೆಯೇ, ನೀರಿನಲ್ಲಿ ಸುಳಿ ಏಳುತ್ತಿದೆಯೇ ನೋಡಿ. ಸುಳಿ ಕಂಡರೆ ಮುಂದಿನ ಹಂತಗಳನ್ನೆಲ್ಲ ಬಿಟ್ಟು ನೇರ ಎಂಟನೆಯದಕ್ಕೆ ಹೋಗಿ.

4. ಜಿನುಗುವ ನೀರನ್ನು ಬಾಟಲಿಯಲ್ಲಿ ಹಿಡಿದು ನೋಡಿ

ಮಣ್ಣಿನ ಏರಿ ಎಂದ ಮೇಲೆ ಸ್ವಲ್ಪ ಜಿನುಗುವುದು ಸಹಜ. ಹೆದರಿ ಹೊರಗಿನಿಂದ ಜೇಡಿಮಣ್ಣು ಬಡಿದು ಮುಚ್ಚುವವರಿದ್ದಾರೆ. ಅದು ದೊಡ್ಡ ತಪ್ಪು. ಹೊರಬರುವ ಬಾಯಿ ಮುಚ್ಚಿದರೆ ನೀರು ಏರಿಯೊಳಗೇ ನಿಂತು ಒತ್ತಡ ಹೆಚ್ಚಿಸುತ್ತದೆ, ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಗೊತ್ತಾಗಬೇಕಾದದ್ದು ಎರಡೇ: ನೀರು ತನ್ನ ಜೊತೆ ಮಣ್ಣು ತರುತ್ತಿದೆಯೇ? ಹರಿವು ಹೆಚ್ಚುತ್ತಿದೆಯೇ?

ಮೊದಲನೆಯದಕ್ಕೆ ಒಂದು ಪಾರದರ್ಶಕ ಬಾಟಲಿ ಸಾಕು. ಜಿನುಗುವ ಜಾಗದ ನೆಲ ಕದಡದಂತೆ ನಿಧಾನವಾಗಿ ತುಂಬಿಸಿ, ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ಅನಂತರ ಅಲುಗಾಡದ ಜಾಗದಲ್ಲಿ ಒಂದು ರಾತ್ರಿ ಇಡಿ. ಬೆಳಗ್ಗೆ ತಳದಲ್ಲಿ ನವಿರಾದ ಮಣ್ಣಿನ ಪದರ ಕೂತಿದ್ದರೆ ಅದು ನಿಮ್ಮ ಏರಿಯ ಒಡಲಿನದೇ ಇರಬಹುದು. ಪ್ರತಿ ಬಾಟಲಿಗೂ ದಿನಾಂಕ ಮತ್ತು ಜಾಗದ ಚೀಟಿ ಅಂಟಿಸಿ ಸಾಲಾಗಿ ಇಟ್ಟುಕೊಳ್ಳಿ. ಆರು ತಿಂಗಳ ಬಾಟಲಿಗಳನ್ನು ಎಂಜಿನಿಯರ್ ಮುಂದೆ ಇಟ್ಟರೆ ಅವರ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಎರಡನೆಯದಕ್ಕೆ ಜಿನುಗನ್ನು ಒಂದು ಚಿಕ್ಕ ಕಾಲುವೆಗೆ ಸೇರಿಸಿ, ಅಡ್ಡಲಾಗಿ ತಗಡು ನಿಲ್ಲಿಸಿ, ಅದರಲ್ಲಿ 90 ಡಿಗ್ರಿ ಕೋನದ ತ್ರಿಕೋನ ಕಚ್ಚು ಕತ್ತರಿಸಿ. ಕಚ್ಚಿನ ಕೆಳತುದಿಯಿಂದ ನೀರಿನ ಎತ್ತರವನ್ನು, ನೀರು ಬರುವ ಕಡೆ, ತಗಡಿನಿಂದ ತುಸು ಹಿಂದೆ ಅಳೆಯಿರಿ. 5 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಮುಕ್ಕಾಲು ಲೀಟರ್‌ನಷ್ಟು. 10 ಸೆಂಟಿಮೀಟರ್ ಇದ್ದರೆ ನಾಲ್ಕು ಲೀಟರ್‌ಗೂ ಮೇಲೆ. ಎತ್ತರ ಎರಡರಷ್ಟಾದಾಗ ಹರಿವು ಐದೂವರೆ ಪಟ್ಟು ಮೀರುತ್ತದೆ, ಆದ್ದರಿಂದ ಒಂದೆರಡು ಸೆಂಟಿಮೀಟರ್ ತಾನೇ ಎಂದುಕೊಳ್ಳಬೇಡಿ. ತಗಡು ನಿಲ್ಲಿಸಲು ಆಗದಿದ್ದರೆ 10 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳಿ. ಜೊತೆಗೆ ಆ ದಿನ ಕಟ್ಟೆಯಲ್ಲಿ ನೀರಿನ ಮಟ್ಟ ಎಷ್ಟಿತ್ತು, ಹಿಂದಿನ ದಿನ ಮಳೆ ಬಂದಿತ್ತೇ ಎಂಬುದನ್ನೂ ಬರೆಯಬೇಕು. ನೀರಿನ ಮಟ್ಟ ಏರಿದಾಗ ಜಿನುಗೂ ಏರುವುದು ಸಹಜ. ಮಟ್ಟ ಇದ್ದಷ್ಟೇ ಇದ್ದು ಜಿನುಗು ಏರುತ್ತಿದ್ದರೆ ಒಳಗೆ ದಾರಿ ಅಗಲವಾಗುತ್ತಿದೆ. ಚೆನ್ನಾಗಿ ಹರಿಯುತ್ತಿದ್ದ ಜಿನುಗು ಇದ್ದಕ್ಕಿದ್ದಂತೆ ನಿಂತರೂ ಸಂತೋಷಪಡಬೇಡಿ, ಅದೇ ದಿನ ಹುಡುಕಿ.

5. ಕೋಡಿ

ಮಣ್ಣಿನ ಏರಿ ಒಡೆಯುವ ದಾರಿಗಳಲ್ಲಿ ಮುಖ್ಯವಾದವು ಎರಡು: ನೆತ್ತಿಯ ಮೇಲೆ ನೀರು ಹತ್ತಿ ಹರಿಯುವುದು, ಒಳಗಿನಿಂದ ಕೊರೆಯುವುದು. ಮೊದಲನೆಯದನ್ನು ತಡೆಯುವುದು ಕೋಡಿಯೊಂದೇ. ಹೀಗಿದ್ದೂ ಮಾಲೀಕರು ತಮ್ಮ ಕೈಯಾರೆ ಹೆಚ್ಚು ಹಾಳು ಮಾಡುವುದು ಕೋಡಿಯನ್ನೇ. ಇನ್ನಷ್ಟು ನೀರು ನಿಲ್ಲಲಿ ಎಂದು ಹಲಗೆ ಸಿಕ್ಕಿಸುವುದು, ಮರಳು ಚೀಲ ಪೇರಿಸುವುದು, ಮೀನು ಹೋಗದಂತೆ ಬಲೆ ಕಟ್ಟುವುದು, ಕೋಡಿಯ ಬಯಲನ್ನು ತುಂಬಿಸಿ ದಾರಿ ಮಾಡುವುದು, ಹೀಗೆ.

ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟಿನಲ್ಲಿ ಇಂಥ ಹಲವು ತಪ್ಪು ಒಟ್ಟಿಗೆ ಆಗಿದ್ದವು. ಸಿರಿವಂತರ ಖಾಸಗಿ ಕ್ಲಬ್ ಒಂದರ ಕೈಗೆ ಅದು ಬರುವ ಹೊತ್ತಿಗೆ ತಳದ ಕೊಳವೆಗಳನ್ನು ಹಿಂದಿನ ಮಾಲೀಕರು ಕಿತ್ತು ಮಾರಿದ್ದರು. ಕ್ಲಬ್ಬಿನವರು ಮತ್ತೆ ಹಾಕಿಸಲಿಲ್ಲ. ಬಂಡಿ ಓಡಾಡಲೆಂದು ನೆತ್ತಿಯನ್ನು ತಗ್ಗಿಸಿದರು, ಮೀನಿಗಾಗಿ ಕೋಡಿಗೆ ಜಾಲರಿ ಹಾಕಿದರು. 1889ರ ಮೇ 31ರ ಮಳೆಗೆ ಜಾಲರಿಗೆ ಕಸ ಕಟ್ಟಿಕೊಂಡಿತು, ನೀರು ನೆತ್ತಿ ಹತ್ತಿತು. ಕೆಳಗಿನ ಜಾನ್ಸ್‌ಟೌನ್ ಪಟ್ಟಣದಲ್ಲಿ ಸತ್ತವರು 2,209 ಜನ. ಕಾ ಲೋಕೋದಲ್ಲಿಯೂ ಅಣೆಕಟ್ಟು ಒಡೆದ ಮೇಲೆ ತನಿಖೆಯ ದೊಡ್ಡ ಪ್ರಶ್ನೆ, ಕೋಡಿ ಎಲ್ಲಿ ಹೋಯಿತು ಎಂಬುದೇ ಆಗಿತ್ತು.

ಆದ್ದರಿಂದ ಕೋಡಿಯ ಬಾಯಲ್ಲಿ ಏನೂ ಇರಕೂಡದು. ಹಲಗೆ, ಬಲೆ, ಬೇಲಿ, ಪೊದೆ, ಬಿದ್ದ ಮರ ಎಲ್ಲವನ್ನೂ ತೆಗೆಯಿರಿ. ನೀರು ಕೋಡಿ ಬಿದ್ದು ಹರಿಯುವ ದಾರಿ ಏರಿಯ ಬುಡವನ್ನು ಕೊರೆಯದಂತೆ ದೂರ ಸಾಗುತ್ತದೆಯೇ ನೋಡಿ. ಕಾಂಕ್ರೀಟ್ ಇದ್ದರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದಲ್ಲಿ ಅಡಿಯ ಮಣ್ಣು ಹೋಗಿರಬಹುದು. ಕೋಡಿಯ ಅಗಲ ಸಾಕೇ ಎಂಬ ಲೆಕ್ಕವನ್ನು ಎಂಜಿನಿಯರ್ ಕೈಯಲ್ಲೇ ಮಾಡಿಸಬೇಕು. ಹಳೆಯ ಕೋಡಿಗಳನ್ನು ಅಂದಿನ ಮಳೆಯ ಲೆಕ್ಕದಲ್ಲಿ, ಮೇಲಿನ ನೆಲ ಕಾಡೋ ಹುಲ್ಲುಗಾವಲೋ ಆಗಿದ್ದಾಗ ಕಟ್ಟಿದ್ದು. ಈಗ ಅಲ್ಲಿ ಸೂರು, ರಸ್ತೆ ಬಂದಿದ್ದರೆ ಅದೇ ಮಳೆಯ ನೀರು ಬೇಗ ಇಳಿದು ಬರುತ್ತದೆ.

6. ತೂಬು ಮತ್ತು ಏರಿಯೊಳಗಿನ ಕೊಳವೆ

ಅಪಾಯ ಬಂದಾಗ ನೀರು ಇಳಿಸಲು ಇರುವ ಬಾಗಿಲು ಇದು. ವರ್ಷಕ್ಕೊಮ್ಮೆಯಾದರೂ ಗೇಟನ್ನು ಪೂರ್ತಿ ತೆರೆದು ಮುಚ್ಚಿ ನೋಡಿ. ಹತ್ತಾರು ವರ್ಷ ಮುಟ್ಟದ ಗೇಟಾದರೆ ಒಬ್ಬರೇ ಹೋಗಿ ಬಲ ಹಾಕಿ ತಿರುಗಿಸಬೇಡಿ. ತೆರೆದದ್ದು ಮುಚ್ಚಿಕೊಳ್ಳದೆ ಹೋಗಬಹುದು, ಸರಳು ಮುರಿಯಬಹುದು. ತಿಳಿದವರನ್ನು ಕರೆಸಿ.

ಕೊಳವೆಗೆ ಏರಿಗಿಂತ ಆಯುಷ್ಯ ಕಡಿಮೆ. ಸುಕ್ಕುಸುಕ್ಕಾದ ತಗಡಿನ ಕೊಳವೆ ಸಾಮಾನ್ಯವಾಗಿ 25ರಿಂದ 50 ವರ್ಷದೊಳಗೆ ತೂತಾಗುತ್ತದೆ. ಆಮೇಲೆ ಏರಿಯ ಮಣ್ಣು ತೂತಿನೊಳಕ್ಕೆ ಸೋರುತ್ತದೆ, ಇಲ್ಲವೇ ಒತ್ತಡದ ನೀರು ಕೊಳವೆಯಿಂದ ಹೊರಬಂದು ಮಣ್ಣನ್ನು ಕೊರೆಯುತ್ತದೆ. ಕೊಲರಾಡೋದ ಲಾನ್ ಲೇಕ್ ಅಣೆಕಟ್ಟು 1903ರದ್ದು. ಕೊಳವೆ ಮತ್ತು ಗೇಟು ಕೂಡುವ ಜಾಗದ ಸೀಸದ ಬೆಸುಗೆ ಬಿಟ್ಟುಕೊಂಡದ್ದು ಹೊರಗೆ ಯಾರಿಗೂ ಕಾಣಲಿಲ್ಲ. 1982ರ ಜುಲೈ 15ರ ಬೆಳಗ್ಗೆ, ಮಳೆಯ ಹಂಗಿಲ್ಲದೆ, ಅದು ಒಡೆಯಿತು, ಮೂವರು ಸತ್ತರು. ಕೊಳವೆಯ ಬಾಯಿಂದ ಸಾಧ್ಯವಾದಷ್ಟು ಟಾರ್ಚ್ ಹಾಕಿ ನೋಡಿ, ಐದು ವರ್ಷಕ್ಕೊಮ್ಮೆ ಕೊಳವೆಯೊಳಗೆ ಕ್ಯಾಮೆರಾ ಕಳಿಸಿ. ನೀವು ಒಳಗೆ ನುಗ್ಗಬೇಡಿ, ಗಾಳಿಯಿಲ್ಲದೆ ಸತ್ತವರಿದ್ದಾರೆ. ಕೊಳವೆಯ ಹೊರಬಾಯಿಯ ಪಕ್ಕದಲ್ಲಿ, ಅಂದರೆ ಕೊಳವೆಗೂ ಮಣ್ಣಿಗೂ ನಡುವೆ ನೀರು ಬರುತ್ತಿದ್ದರೆ ಅದನ್ನು ತುರ್ತು ಎಂದೇ ಎಣಿಸಿ.

7. ಮರ, ಬಿಲ ಮತ್ತು ಎಂಜಿನಿಯರ್

ಏರಿಯ ಮೇಲೆ ಮರ ಬೇಡ. ಬಿರುಗಾಳಿಗೆ ಬುಡಸಮೇತ ಬಿದ್ದರೆ ಏರಿಯ ಒಂದು ಹೆಡಿಗೆ ಮಣ್ಣಲ್ಲ, ಒಂದು ಭಾಗವೇ ಹೋಗುತ್ತದೆ. ಸಸಿ ಇರುವಾಗಲೇ ಕೀಳಿ. ದೊಡ್ಡ ಮರ ಇದ್ದರೆ ಆತುರದಲ್ಲಿ ಕಡಿಯಬೇಡಿ: ಕಡಿದ ಮೇಲೆ ಬೇರು ಕೊಳೆತು ನೀರಿಗೆ ಸುರಂಗವಾಗುತ್ತದೆ. ಬುಡ ಬೇರು ತೆಗೆದು, ಗುಂಡಿಯನ್ನು ಪದರ ಪದರವಾಗಿ ದಮ್ಮಸ್ಸು ಮಾಡಿ ತುಂಬುವ ಕೆಲಸ ನೀರು ತಗ್ಗಿಸಿದ ಮೇಲೆ, ಎಂಜಿನಿಯರ್ ಸಲಹೆಯಂತೆ ಆಗಬೇಕು. ಪ್ರಾಣಿಗಳ ಬಿಲ ಕಂಡರೆ ಅದು ಎಷ್ಟು ಆಳ ಹೋಗಿದೆಯೆಂದು ನೋಡಿ ಕೊನೆಯವರೆಗೆ ತುಂಬಿ. ಬಾಯಿ ಮಾತ್ರ ಮುಚ್ಚಿದರೆ ಒಳಗೆ ಟೊಳ್ಳು ಉಳಿಯುತ್ತದೆ.

ಎಂಜಿನಿಯರ್ ಎಂದರೆ ಮಣ್ಣಿನ ಅಣೆಕಟ್ಟಿನ ಕೆಲಸ ಮಾಡಿದವರು. ಮನೆ ಕಟ್ಟುವವರು ಎಷ್ಟೇ ಒಳ್ಳೆಯವರಾದರೂ ಇದು ಬೇರೆ ವಿದ್ಯೆ. ಬ್ರಿಟನ್ನಿನ 1975ರ ಜಲಾಶಯ ಕಾಯ್ದೆಯ ಕ್ರಮ ನನಗೆ ಹಿಡಿಸುತ್ತದೆ: ಒಬ್ಬ ಎಂಜಿನಿಯರ್ ಸದಾ ಕಣ್ಣಿಡುತ್ತಾರೆ, ಹತ್ತು ವರ್ಷಕ್ಕೊಮ್ಮೆಯಾದರೂ ಹೊರಗಿನ ಸ್ವತಂತ್ರ ಎಂಜಿನಿಯರ್ ಬಂದು ಪೂರ್ತಿ ನೋಡುತ್ತಾರೆ. ನಿಮ್ಮ ಕಟ್ಟೆಗೆ ಕಾನೂನು ಅನ್ವಯಿಸದಿದ್ದರೂ ಇದನ್ನು ನೀವೇ ಪಾಲಿಸಬಹುದು.

8. ತುರ್ತಿನ ಒಂದು ಹಾಳೆ

ಒಂದೇ ಹಾಳೆ ಸಾಕು, ಆದರೆ ಇವತ್ತೇ ಬರೆಯಿರಿ. ಕೆಳಗಿನ ಮನೆಗಳವರ ಮೊಬೈಲ್ ಸಂಖ್ಯೆ, ಪೊಲೀಸ್ ಮತ್ತು ಅಗ್ನಿಶಾಮಕದವರ ಸಂಖ್ಯೆ, ಎಂಜಿನಿಯರ್ ಸಂಖ್ಯೆ, ಮುಚ್ಚಬೇಕಾದ ರಸ್ತೆ, ಜನ ಹತ್ತಿ ನಿಲ್ಲಬೇಕಾದ ಎತ್ತರದ ಜಾಗ, ಮರಳು ಜಲ್ಲಿ ಪಂಪು ಸಿಗುವ ಜಾಗ. ಆರು ತಿಂಗಳಿಗೊಮ್ಮೆ ಪ್ರತಿ ಸಂಖ್ಯೆಗೂ ಕರೆ ಮಾಡಿ ನೋಡಿ. ಪ್ರತಿಯನ್ನು ಕೆಳಗಿನವರಿಗೂ ಕೊಡಿ. ಅವರು ಗಾಬರಿಯಾಗುತ್ತಾರೆ ಎಂದು ಮುಚ್ಚಿಡುವುದು ಅನ್ಯಾಯ.

ಕಲಕಿದ ನೀರು ಹೆಚ್ಚುತ್ತಿದೆ, ಕಟ್ಟೆಯಲ್ಲಿ ಸುಳಿ ಎದ್ದಿದೆ, ಇಳಿಜಾರು ಜಾರುತ್ತಿದೆ, ನೀರು ನೆತ್ತಿಗೆ ಗೇಣಿನಷ್ಟು ಹತ್ತಿರ ಬಂದು ಏರುತ್ತಲೇ ಇದೆ ಎಂದಾಗ ಮೊದಲ ಕೆಲಸ ಕರೆ. ಗುದ್ದಲಿ ಹಿಡಿಯುವುದು ಆಮೇಲೆ. ಸುಮ್ಮನೆ ಎಬ್ಬಿಸಿದೆ ಎಂಬ ಮಾತು ಕೇಳಬೇಕಾಗಿ ಬಂದರೂ ಕೇಳೋಣ. ಜನ ಹೊರಟ ಮೇಲೆ ತೂಬು ತೆರೆಯಿರಿ, ಪಂಪು ಅಥವಾ ಸೈಫನ್ ಹಚ್ಚಿ, ಕೋಡಿಯ ಕಸ ಬಿಡಿಸಿ. ಬುಡದಲ್ಲಿ ಮಣ್ಣು ತರುವ ಜಿನುಗಿನ ಮೇಲೆ ಮೊದಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹೇರಿ. ನೀರು ಹೊರಬರಲಿ, ಮಣ್ಣು ಒಳಗೇ ಉಳಿಯಲಿ. ಏರಿ ಕುಸಿಯುತ್ತಿದ್ದರೆ ಯಾರೂ ಮೇಲೆ ನಿಲ್ಲಬಾರದು. ಕೆಳಗಿನವರು ಹರಿಯುವ ನೀರನ್ನು ದಾಟಲು ನೋಡಬಾರದು. 15 ಸೆಂಟಿಮೀಟರ್ ಆಳದ ರಭಸದ ನೀರು ದೊಡ್ಡವರನ್ನೂ ಕೆಡವಬಲ್ಲದು, 30 ಸೆಂಟಿಮೀಟರ್ ಆಳದ್ದು ಚಿಕ್ಕ ಕಾರನ್ನು ಎಳೆದೊಯ್ಯಬಲ್ಲದು.

9. ದುರಸ್ತಿಗೆ ಹಣವಿಲ್ಲದಿದ್ದರೆ

ಇದು ಹೆಚ್ಚಿನ ಮಾಲೀಕರ ನಿಜವಾದ ಕಷ್ಟ. ಅಣೆಕಟ್ಟಿನಿಂದ ವರಮಾನವಿಲ್ಲ, ದುರಸ್ತಿಯ ಖರ್ಚು ಕೆಲವೊಮ್ಮೆ ಜಮೀನಿನ ಬೆಲೆಯನ್ನೇ ಮೀರುತ್ತದೆ. ಹಾಗೆಂದು ಸುಮ್ಮನಿರಬೇಕಾಗಿಲ್ಲ. ತಕ್ಷಣ ಮಾಡಬಹುದಾದ್ದು ನೀರಿನ ಮಟ್ಟ ತಗ್ಗಿಸುವುದು. ಮೀಟರ್ ಇಳಿದರೂ ಒತ್ತಡ ಇಳಿಯುತ್ತದೆ, ಮಳೆ ನೀರಿಗೆ ಜಾಗ ಸಿಗುತ್ತದೆ, ಒಡೆದರೂ ಹರಿಯುವುದು ಕಡಿಮೆಯಾಗುತ್ತದೆ. ತುರ್ತು ಇಲ್ಲದಿದ್ದರೆ ದಿನಕ್ಕೆ 30 ಸೆಂಟಿಮೀಟರ್ ಮೀರದಂತೆ ನಿಧಾನವಾಗಿ ಇಳಿಸಿ. ಒಮ್ಮೆಲೇ ಇಳಿಸಿದರೆ ನೀರು ಕುಡಿದ ಒಳಮೈ ಆಸರೆ ಕಳೆದುಕೊಂಡು ಜಾರುತ್ತದೆ. ಕೆಳಗಿನವರಿಗೆ ಮೊದಲೇ ಹೇಳಿ.

ಅಣೆಕಟ್ಟು ಯಾರಿಗೂ ಬೇಡವಾಗಿದ್ದರೆ ಅದನ್ನು ತೆಗೆಸುವ ಯೋಚನೆ ಮಾಡಿ. ಏರಿಗೆ ಸುಮ್ಮನೆ ಒಂದು ಗಂಡಿ ಕೊರೆದುಬಿಡುವುದು ಅಪಾಯ; ನೀರು ಅದನ್ನು ಕೊರೆದು ನೀವು ತಡೆಯಲು ಹೊರಟ ಪ್ರವಾಹವನ್ನೇ ತರುತ್ತದೆ. ಅನುಮತಿ ಪಡೆದು, ನೀರು ಇಳಿಸಿ, ತಳದ ಹೂಳಿನಲ್ಲಿ ಏನಿದೆಯೆಂದು ಪರೀಕ್ಷಿಸಿ, ದೊಡ್ಡ ಮಳೆಗೂ ನೀರು ನಿಲ್ಲದಷ್ಟು ಅಗಲವಾಗಿ ತಳದವರೆಗೆ ಬಗೆಯಬೇಕು. ಬಗೆದ ಎರಡೂ ಬದಿಯನ್ನು ಇಳಿಜಾರು ಮಾಡಿ ಹುಲ್ಲು ಹಿಡಿಸಿ. ಹೊಸ ಹುಲ್ಲು ಬೇರೂರುವವರೆಗೆ ಮೊದಲ ಮಳೆಗಾಲದಲ್ಲಿ ಆ ಹಳ್ಳದ ದಾರಿಯಲ್ಲಿ ಕಸ ಕಟ್ಟಿಕೊಳ್ಳದಂತೆ ಪ್ರತಿ ಮಳೆಯ ನಂತರವೂ ಹೋಗಿ ನೋಡಿ ಬನ್ನಿ.